ಎರಡು ಬೆರಳಿನ ಸೈಕಲ್ ಸವಾರಿ

ನೀವು ನಂಬುವುದಿಲ್ಲ ಎಂದು ಬೇಕಾದರೆ ಬರೆದುಕೊಡುತ್ತೇನೆ: ಕಳೆದ ಮಂಗಳವಾರ ನಾನು ಬೆನ್ಸನ್ ಟೌನಿನಿಂದ ಬೆವರು ಸುರಿಸಿಕೊಂಡು ಸೈಕಲ್ ತುಳಿದು ಬೆನ್ಸನ್ ಟೌನನ್ನೇ ತಲುಪಿದೆ. ಕ್ಲಿನಿಕ್ಕಿನೊಳಗೆ ನಿಂತಲ್ಲೇ ನಿಂತ ಸೈಕಲ್ಲು, ಮೂಗು-ಬಾಯಿ ಮುಚ್ಚಿದ ಮಾಸ್ಕು, ಅದರಿಂದ ಕಂಪ್ಯೂಟರಿಗೆ ಹೋದ ನಳಿಕೆ. ಯುದ್ಧವಿಮಾನದ ಪೈಲಟ್ಟಿಗೂ ನನಗೂ ಇದ್ದ ವ್ಯತ್ಯಾಸ ವಿಮಾನವೊಂದೇ.

ನನ್ನ ಶ್ವಾಸಕೋಶಕ್ಕೆ ರಕ್ತ ಒಯ್ಯುವ ನಾಳಗಳಲ್ಲಿ ಒತ್ತಡ ವಿಪರೀತ. ಹೃದಯ ಪಾಪ, ಕೆ.ಆರ್. ಪುರದ ಬೆಳಗಿನ ಬಸ್ಸಿಗೆ ಜನರನ್ನು ತುರುಕುವ ಕಂಡಕ್ಟರನಂತೆ ರಕ್ತವನ್ನು ಒಳಗೆ ದೂಡುತ್ತಿರುತ್ತದೆ. ಕಾಯಿಲೆ ಎಷ್ಟು ಬಲಿತಿದೆ ಎಂಬುದನ್ನು ಸೂಜಿ ಚುಚ್ಚದೆ, ಬರಿಯ ಉಸಿರಿನಿಂದ ಅಳೆಯುವ ಪರೀಕ್ಷೆಯಿದು. ಪಾಸಾದರೆ ನಾಲ್ಕು ತಿಂಗಳ ಗೃಹವಾಸ ಮುಗಿಸಿ ಮೂರನೇ ಮಹಡಿಯ ನನ್ನ ತರಗತಿಗೆ ಮರಳಬಹುದಿತ್ತು. ಬಾಣಸವಾಡಿಯ ಮನೆಯಲ್ಲಿ ಅಪ್ಪ-ಅಮ್ಮ ಆಫೀಸಿಗೆ ಹೊರಟ ಮೇಲೆ ನನ್ನ ಹಾಸ್ಯಪ್ರಜ್ಞೆಗೆ ಶ್ರೋತೃವೆಂದರೆ ಫ್ರಿಜ್ಜು. ಅದು ಗುರ್ ಎನ್ನುತ್ತದೆ, ನಗುವುದಿಲ್ಲ. ತರಗತಿಯ ವಾಟ್ಸಾಪ್ ಗುಂಪಿನಲ್ಲಿ ನನ್ನ ಜೋಕಿಗೆ ಮೊದಲು ನಗು ಬರುತ್ತಿತ್ತು, ಆಮೇಲೆ ಹೆಬ್ಬೆರಳು, ಈಗ ಬರೀ ನೀಲಿ ಟಿಕ್ಕು.

ಮಾಸ್ಕಿನೊಳಗೆ ಮಾತು ನಿಷಿದ್ಧ. ನನಗೆ ಅದೇ ದೊಡ್ಡ ಶಿಕ್ಷೆ. ಏದುಸಿರು ಎಷ್ಟೆಂಬುದನ್ನು ಸೊನ್ನೆಯಿಂದ ಹತ್ತರೊಳಗೆ ಬೆರಳಲ್ಲಿ ತೋರಿಸಬೇಕು. ಮೂಲೆಯಲ್ಲಿ ಅಮ್ಮ ಕೂತಿದ್ದಳು. ನಾನು ಮನೆಯಿಂದಲೇ ನಿರ್ಧರಿಸಿಕೊಂಡು ಬಂದಿದ್ದೆ: ಎರಡು. ಪೆಡಲು ಬಿಗಿಯಾಗಿ ದೊಮ್ಮಲೂರು ಫ್ಲೈಓವರ್ ಏರಿದಂತಾದಾಗಲೂ ಎರಡು. ಕಣ್ಣೆದುರು ನಕ್ಷತ್ರಗಳು ಕುಣಿದಾಗಲೂ, ಪರಮ ಗಾಂಭೀರ್ಯದಿಂದ, ಎರಡು.

ಪರೀಕ್ಷೆ ನಡೆಸುತ್ತಿದ್ದ ಸಲ್ಮಾ ಅಕ್ಕ ಪರದೆ ನೋಡಿ ಸೈಕಲ್ ನಿಲ್ಲಿಸಿದರು. “ಅರೆ ಹೀರೋ, ಬೆರಳು ಎರಡು ಅಂತದೆ, ನಿನ್ ಉಸಿರು ಬೇರೇನೇ ಹೇಳ್ತಾ ಇದೆಯಲ್ಲೋ! ಯಾರಿಗೆ ಟೋಪಿ ಹಾಕ್ತಿದೀಯಾ?”

“ಲೆಕ್ಕದಲ್ಲಿ... ನಾನು... ವೀಕು... ಅಕ್ಕಾ,” ಎಂದೆ, ಮಾಸ್ಕು ಬಿಚ್ಚಿದ ಮೇಲೆ, ನಾಲ್ಕು ಕಂತುಗಳಲ್ಲಿ.

ಅವರು ನಗಲಿಲ್ಲ, ಬೆನ್ನು ಸವರಿದರು. ಅಷ್ಟು ದಿನಗಳಲ್ಲಿ ನನ್ನ ತಮಾಷೆಯನ್ನು ನಂಬದವರು ಅವರೊಬ್ಬರೇ. ಸಿಕ್ಕಿಬಿದ್ದವನಿಗೆ ಅಷ್ಟೊಂದು ಹಾಯೆನಿಸಬಾರದಿತ್ತು.

ಈ ಸಂಜೆ, ಫಲಿತಾಂಶಕ್ಕೂ ಕಾಯದೆ, ಗುಂಪಿಗೆ “ಮಗಾ, ಸೋಮವಾರ ಬರ್ತಿದೀನಿ, ನನ್ ಬೆಂಚು ಒರೆಸಿಡ್ರೋ” ಎಂದು ಟೈಪಿಸಿ, ಇನ್ನೇನು ಕಳಿಸಬೇಕು, ಆಫೀಸಿನ ಬ್ಯಾಗೂ ಇಳಿಸದೆ ಅಮ್ಮ ಒಳಬಂದಳು.

“ಡಾಕ್ಟರ್ ಫೋನ್ ಮಾಡಿದ್ರು ಕಣೋ. ಈ ವರ್ಷ ಸ್ಕೂಲು ಬೇಡ ಅಂದ್ರು.”

ಮೊಬೈಲನ್ನು ಕವುಚಿಟ್ಟೆ. ಅವಳು ಪಕ್ಕದಲ್ಲಿ ಕೂತಳು.

“ಬೇಜಾರು ಎಷ್ಟಿದೆ? ಬೆರಳಲ್ಲಿ ತೋರ್ಸು.”

ಅಭ್ಯಾಸಬಲದಿಂದ ಎರಡು ಬೆರಳೆತ್ತಿದೆ. ಅವಳು ಸಲ್ಮಾ ಅಕ್ಕನ ಹಾಗೆಯೇ ನೋಡುತ್ತ ಕಾದಳು. ಉಳಿದ ಎಂಟೂ ಒಂದೊಂದಾಗಿ ಎದ್ದವು.