ಪ್ಲೇಟಿನ ಕೊನೆಯ ಹೆಸರು

ಕಮತಗಿಯ ಬಳೆಗಾರ್ತಿ ಲಾಡಬಿ ಯಾವ ಸಂತೆಗೆ ಹೋಗುತ್ತಾಳೆಂದು ಅವಳನ್ನೇ ಕೇಳಬೇಕಾಗಿರಲಿಲ್ಲ. ಸಂತೆ ಸಂತೆಗೂ ಪ್ಲೇಟು ಕೇಳಿಸುತ್ತ ತಿರುಗುವ ಬಸಯ್ಯನ ಫೋನೋ ಪೆಟ್ಟಿಗೆ ಎತ್ತ ಹೊರಟಿದೆ ಎಂದು ನೋಡಿದರೆ ಸಾಕಿತ್ತು. ಹುನಗುಂದವಾಗಲಿ, ಇಳಕಲ್ಲಾಗಲಿ, ಬಾಗಲಕೋಟೆಯಾಗಲಿ, ಬಸಯ್ಯ ಬೇವಿನ ಮರದ ಕೆಳಗೆ ಪೆಟ್ಟಿಗೆ ಇಳಿಸಿ, ಹಿತ್ತಾಳೆಯ ತುತ್ತೂರಿ ಸಿಕ್ಕಿಸಿ, ಕೀಲಿ ತಿರುವುವಷ್ಟರಲ್ಲಿ ಇವಳು ಬಳೆಯ ಮಲಾರ ಇಳುಹಿಕೊಂಡು ಎದುರಿಗೇ ಕೂತಿರುತ್ತಿದ್ದಳು.

ಜನ ನೋಡದೆ ಬಿಡುತ್ತಾರೆಯೇ? ಗಂಡ ಸತ್ತ ಹೆಂಗಸು, ಇನ್ನೂ ಪ್ರಾಯ ಇಳಿದಿಲ್ಲ. ಪ್ಲೇಟಿನಲ್ಲಿ ಮಾತಾಡುವವನೋ ಬಾದಾಮಿಯ ನಾಟಕ ಕಂಪನಿಯ ಮಾಲಕ ಅಮಾತೆಪ್ಪ ಮಾಸ್ತರ, ರಾಣಿಯ ವೇಷ ಹಾಕಿದರೆ ಹೆಂಗಸರೇ ನಾಚಬೇಕು, ಅಂಥವನು. ಪಕ್ಕದಲ್ಲಿ ಮೆಣಸಿನಕಾಯಿ ಮಾರುವ ಸಿದ್ದವ್ವನಿಗಂತೂ ನಾಲಿಗೆ ತುರಿಸುತ್ತಿತ್ತು.

"ಏನವಾ ಲಾಡಬಿ, ಮಾಸ್ತರನ ದನಿ ಕೇಳಿದ್ರ ಕೈಯಾಗಿನ ಬಳಿ ಕೈಯಾಗ ಉಳಿತಾವಲ್ಲ! ಮನಸ ಎಲ್ಲಿ ಹೋತು?"

"ಅದು ನನ್ನ ಗಂಡನ ದನಿ ಐತಿ," ಎಂದು ಲಾಡಬಿ ಮೊದಮೊದಲು ಹೇಳಿದ್ದುಂಟು.

"ಮಲೀಕಸಾಬಂದ? ಅಯ್ಯ, ರಾಣಿಗೆ ಚಾಮರ ಬೀಸಾಂವ ಯಾವಾಗ ರಾಣಿ ಆದ?"

ಸಿದ್ದವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ನಕ್ಕು ಸುಮ್ಮನಾಗದೆ ಸಂತೆಗೆಲ್ಲ ಹಂಚಿದಳು. ಲಾಡಬಿ ಸತ್ತ ಗಂಡನ ನೆಪ ಮಾಡಿಕೊಂಡು ಅಮಾತೆಪ್ಪನಿಗೆ ಮರುಳಾಗಿದ್ದಾಳೆ ಎಂಬುದು ಊರೂರಿಗೂ ಮಾತಾಯಿತು. ಅತ್ತೆ ಕಾಸಿಂಬಿಯ ಕಿವಿಗೂ ಮುಟ್ಟಿತು. ಅತ್ತೆ ಬೈಯಲಿಲ್ಲ, ಸೊಸೆಯ ಜೊತೆ ಕೂತು ಉಣ್ಣುವುದನ್ನು ಬಿಟ್ಟಳು.

ನಿಜಕ್ಕೆ ನಡೆದದ್ದು ಇಷ್ಟು. ದನಿ ಹಿಡಿಯುವ ಯಂತ್ರ ತೆಗೆದುಕೊಂಡು ಸಾಹೇಬರು ಬೆಳಗಾವಿಗೆ ಬಂದಿದ್ದರು. ಕಾಡಿಗೆ ಅಟ್ಟಿಸಿಕೊಂಡ ರಾಣಿ ತುಂಬಿದ ಸಭೆಯಲ್ಲಿ ಗಂಡನನ್ನು ಕೇಳುವ ಮಾತು ಕಂಪನಿಯ ಜೀವಾಳ. ಅದನ್ನೇ ಹಿಡಿಯಬೇಕೆಂದು ಗೊತ್ತಾಗಿತ್ತು. ಅವತ್ತೇ ಅಮಾತೆಪ್ಪನ ಗಂಟಲು ಕಟ್ಟಿ ಕೂತಿತು. ಸಾಹೇಬರು ಕಾಯುವವರಲ್ಲ. ಸಖಿಯ ವೇಷದಲ್ಲಿ ವರ್ಷಗಟ್ಟಲೆ ರಾಣಿಯ ಬೆನ್ನ ಹಿಂದೆ ನಿಂತು ಆ ಮಾತನ್ನೆಲ್ಲ ಒಳಗೆ ಇಳಿಸಿಕೊಂಡಿದ್ದ ಮಲೀಕಸಾಬನನ್ನು ಎಳೆದು ತಂದು ತುತ್ತೂರಿಯ ಮುಂದೆ ನಿಲ್ಲಿಸಿದರು. ಪ್ಲೇಟು ಅಚ್ಚಾಗುವುದು ಪರದೇಶದಲ್ಲಿ. ಅಲ್ಲಿಯವರಿಗೆ ಯಾವ ದನಿ ಯಾರದೆಂದು ಹೇಗೆ ತಿಳಿಯಬೇಕು? ಅದಕ್ಕೇ ಮಾತು ಮುಗಿದ ಕೂಡಲೇ ತಮ್ಮ ಹೆಸರು ಕೂಗುವುದು ಎಲ್ಲ ಪ್ಲೇಟಿನವರಿಗೂ ಇದ್ದ ರೂಢಿ. ಅಮಾತೆಪ್ಪ ಮಲೀಕಸಾಬನ ಹೆಗಲ ಮೇಲೆ ಕೈಯಿಟ್ಟು, "ಕೊನೀಗೆ ನನ್ನ ಹೆಸರು ಕೂಗು," ಅಂದ. ಅನ್ನ ಹಾಕುವ ಧಣಿ. ಕೂಗಿದ.

ಹೆಂಡತಿಗೆ ಹೇಳುವಾಗ ನಗುತ್ತಲೇ ಹೇಳಿದ್ದ: "ಹೆಸರು ಅವಂದಿರಲಿ ಬಿಡ. ದನಿ ನಂದ ಐತೆಲ್ಲ." ಪ್ಲೇಟು ಹಡಗಿನಲ್ಲಿ ಮರಳಿ ಬರುವ ಮೊದಲೇ ಕಾಲರಾ ಅವನನ್ನು ಒಯ್ದಿತು. ಅಮಾತೆಪ್ಪ ಮಣ್ಣಿಗೂ ಬರಲಿಲ್ಲ. ಥೂ, ಅವನ ದೊಡ್ಡಸ್ತಿಕೆಗಿಷ್ಟು!

ಪ್ಲೇಟು ತಿರುಗತೊಡಗಿದಾಗ, ಮಾತಿಗೆ ಮೊದಲು, ಒಂದು ಸಣ್ಣ ಕೆಮ್ಮು ಕೇಳುತ್ತಿತ್ತು. ಬಾಗಿಲಲ್ಲಿ ನಿಂತು "ಲಾಡೂ" ಎಂದು ಕರೆಯುವ ಮೊದಲು ಮಲೀಕಸಾಬ ದಿನಾ ಕೆಮ್ಮುತ್ತಿದ್ದ ಅದೇ ಕೆಮ್ಮು. ಜನಕ್ಕೆ ಅದು ಲೆಕ್ಕಕ್ಕಿಲ್ಲ. ಲಾಡಬಿ ಅದಕ್ಕಾಗಿಯೇ ಬಿಸಿಲಲ್ಲಿ ಹರದಾರಿಗಟ್ಟಲೆ ನಡೆಯುತ್ತಿದ್ದಳು. ಆಮೇಲೆ ರಾಣಿ ಅಳುತ್ತಿದ್ದಳು, ಸಿಡಿಯುತ್ತಿದ್ದಳು. ಸಂತೆಯ ಗದ್ದಲ ಅಡಗಿ ಮೀಸೆ ಹೊತ್ತ ಗಂಡಸರು ತಲೆಯ ಪಟಗದ ಚುಂಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಕಟ್ಟಕಡೆಗೆ ಅದೇ ಬಾಯಿ, ತನ್ನ ಗಂಡನ ಬಾಯಿ, "ನಾ ಅಮಾತೆಪ್ಪ ಮಾಸ್ತರ, ಬಾದಾಮಿ!" ಎಂದು ಕೂಗುತ್ತಿತ್ತು. ಕೇಳಿದಾಗೆಲ್ಲ ಅವಳು ಮುಖ ತಿರುವಿ ಬಳೆ ಎಣಿಸತೊಡಗುತ್ತಿದ್ದಳು.

ಒಂದು ದಿನ ಇಳಕಲ್ಲಿನಲ್ಲಿ, ಸಂತೆ ಕೂಡುವ ಮೊದಲೇ, ಅವಳು ಬಸಯ್ಯನ ಹತ್ತಿರ ಹೋದಳು.

"ಅಯ್ಯಾರ, ಒಂದು ಮಾತು ನಡಸಿಕೊಡ್ರಿ. ಇವತ್ತ ಒಂದ ಸಲ, ಹೆಸರು ಬರೂದ್ರಾಗ ಸೂಜಿ ಎತ್ತಿಬಿಡ್ರಿ."

"ಯಾಕವಾ?"

"ಆಗ ನಾ ನಮ್ಮ ಮನಿಯವರ ಹೆಸರು ಹೇಳ್ತೇನ್ರಿ. ಜನ ನಂಬಲಿ, ಬಿಡಲಿ. ಅವರ ಮಾತಿನ ಬೆನ್ನಿಗೆ ಅವರ ಹೆಸರು ಒಂದು ಸಲ ಬರಬೇಕ್ರಿ. ಅದು ಬಿಟ್ರ ನನಗೇನೂ ಬ್ಯಾಡ."

ಗಂಡ ಬದುಕಿದ್ದಾಗ ಒಂದು ದಿನವೂ ಅವನ ಹೆಸರು ಬಾಯಲ್ಲಿ ತಂದವಳಲ್ಲ ಲಾಡಬಿ. ಯಾವ ಗರತಿ ತರುತ್ತಾಳೆ? ಬಸಯ್ಯನಿಗೆ ಅದು ಗೊತ್ತಿತ್ತು. ಪೆಟ್ಟಿಗೆಯ ಧೂಳು ಒರೆಸುತ್ತ, "ನಿನ್ನ ಮಾತು ಖರೇನೋ ಸುಳ್ಳೋ ನನಗ ಗೊತ್ತಿಲ್ಲವಾ. ಎತ್ತತೇನಿ," ಅಂದ.

ಮಧ್ಯಾಹ್ನ ಬೇವಿನ ನೆರಳಿಗೆ ಜನ ಒತ್ತಿಕೊಂಡು ಕೂತರು. ಲಾಡಬಿ ಮಲಾರವನ್ನು ಬಿಚ್ಚಲೇ ಇಲ್ಲ. ಕೆಮ್ಮು ಬಂತು. ರಾಣಿ ಅತ್ತಳು, ಸಿಡಿದಳು. ಲಾಡಬಿಗೆ ಅವತ್ತು ಒಂದು ಮಾತೂ ಕಿವಿಗೆ ಹೋಗಲಿಲ್ಲ. ಹೆಸರನ್ನು ತುಟಿಯ ಒಳಗೆ ಹಿಡಿದುಕೊಂಡು ಕೂತಿದ್ದಳು. ರಾಣಿಯ ಕೊನೆಯ ಮಾತು ಮುಗಿಯಿತು. ಬಸಯ್ಯ ಸೂಜಿ ಎತ್ತಿದ. ಲಾಡಬಿ ದಡಕ್ಕನೆ ಎದ್ದು ನಿಂತು, "ಮಲೀಕಸಾಬ!" ಎಂದು ಗಂಟಲು ಹರಿಯುವಂತೆ ಕೂಗಿದಳು.

ಯಾರಿಗೆ ಕೇಳಬೇಕು? ಎಷ್ಟೋ ಸಂತೆಗಳಿಂದ ಕೇಳಿ ಕೇಳಿ ಜನಕ್ಕೆ ಪ್ಲೇಟು ಬಾಯಿಪಾಠವಾಗಿತ್ತು. ತುತ್ತೂರಿ ಸುಮ್ಮನಾದದ್ದೇ ತಡ, ಹೆಂಗಸರು ಮುದುಕರೆನ್ನದೆ ಸಂತೆಗೆ ಸಂತೆಯೇ ಒಂದೇ ದನಿಯಲ್ಲಿ ಕೂಗಿತು:

"ನಾ ಅಮಾತೆಪ್ಪ ಮಾಸ್ತರ, ಬಾದಾಮಿ!"

ಕೂಗಿ, ತಮ್ಮ ಜಾಣತನಕ್ಕೆ ತಾವೇ ಕೇಕೆ ಹಾಕಿ ನಕ್ಕರು. ಸಿದ್ದವ್ವ ಅವಳ ತೋಳು ಹಿಡಿದು ಜಗ್ಗಿದಳು.

"ನೋಡ, ನೋಡ! ಎದ್ದು ನಿಂತು ಕೂಗಿದೆಲ್ಲ! ಇನ್ನರ ಒಪ್ಪಿಕೊಳ್ಳವಾ, ಎಲ್ಲಾರಕಿಂತ ನಿಂದ ಜೋರ ಇತ್ತು!"

ಲಾಡಬಿ ತೋಳು ಬಿಡಿಸಿಕೊಂಡಳು. ಸುತ್ತಲಿನ ಜನ "ಇನ್ನೊಮ್ಮಿ ಹಚ್ಚರಿ, ಅಯ್ಯಾರ!" ಎಂದು ಗದ್ದಲ ಎಬ್ಬಿಸಿದ್ದರು. ಬಸಯ್ಯ ಅವಳತ್ತ ನೋಡಿದ, ತಲೆ ತಗ್ಗಿಸಿದ, ಕೀಲಿ ತಿರುವಿದ. ಅವಳು ಮಲಾರವನ್ನು ಹೆಗಲಿಗೆ ಹಾಕಿಕೊಂಡು ಕಮತಗಿಯ ಹಾದಿ ಹಿಡಿದಳು. ಬೆನ್ನ ಹಿಂದೆ ತುತ್ತೂರಿಯೊಳಗೆ ಮಲೀಕಸಾಬ ಕೆಮ್ಮಿದ. ಲಾಡಬಿ ನಿಲ್ಲಲಿಲ್ಲ.