ದೊಡ್ಡಪ್ಪನ ಸೌದೆ

ಸಾವಿನ ಮನೆಗೆ ಹೋಗುವವರು ಹಾರ ಒಯ್ಯುತ್ತಾರೆ, ಊದುಬತ್ತಿ ಒಯ್ಯುತ್ತಾರೆ. ನಾನು ಮರ ಕೊಯ್ಯುವ ಮಿಷನ್ ಒಯ್ಯುತ್ತಿದ್ದೆ. ತಮಾಷೆಗೆ ಹೇಳುತ್ತಿಲ್ಲ. ತೊಂಬತ್ತರ ದಶಕ ಮುಗಿದು ಹೊಸ ಶತಮಾನ ಶುರುವಾದ ಆ ವರ್ಷಗಳಲ್ಲಿ ಬಣಕಲ್ ಸುತ್ತಿನ ತೋಟಗಳಲ್ಲಿ ನೆಚ್ಚಿಕೊಳ್ಳುವಂಥ ಚೈನ್ ಸಾ ಇದ್ದದ್ದು ಕೆಲವರ ಹತ್ತಿರ ಮಾತ್ರ. ಯಾರಾದರೂ ತೀರಿಕೊಂಡರೆ ಸುದ್ದಿಯ ಬೆನ್ನಿಗೇ "ಮಿಷನ್ ಹಾಕ್ಕೊಂಡ್ ಬಾ ಮಾರಾಯ" ಎಂದು ಫೋನ್ ಬರುತ್ತಿತ್ತು. ಅವರದೇ ತೋಟದ ಮಾವಿನ ಮರವೊಂದನ್ನು ಕೆಡವಿ, ಚಿತೆಗೆ ಬೇಕಾದ ಉದ್ದಕ್ಕೆ ತುಂಡು ಮಾಡಿ ಕೊಡುವುದು ನನ್ನ ಪಾಲಿನ ಕೆಲಸ. ಅಳುವವರ ಮುಂದೆ ಕೈಕಟ್ಟಿ ನಿಲ್ಲುವುದು ನನಗೆ ಮೊದಲಿನಿಂದಲೂ ಆಗದ ಮಾತು. ಹಾಗಾಗಿ ಈ ಕೆಲಸ ಸಿಕ್ಕಿದ್ದೇ ಒಳ್ಳೆಯದಾಯಿತು ಅಂದುಕೊಂಡಿದ್ದೆ.

ಮಿಷನ್ ಕೊಂಡದ್ದೇನೋ ತೋಟದ ನೆರಳಿಗೆಂದು ಬೆಳೆಸಿದ ಸಿಲ್ವರ್ ಮರ ಕೊಯ್ಯಲು, ಕಾಫಿ ಗಿಡಕ್ಕೆ ಬಿಸಿಲು ಬೀಳಲೆಂದು ಮರಗಸಿಯಲ್ಲಿ ಇಳಿಸಿದ ದೊಡ್ಡ ಕೊಂಬೆಗಳನ್ನು ತುಂಡರಿಸಲು. ನನ್ನ ಗೆಳೆಯನೂ ಅದೇ ವರ್ಷ ಅದೇ ಅಳತೆಯದನ್ನು ತಂದ. ಪಕ್ಕದ ತೋಟದವನು, ನನ್ನ ಜೊತೆ ಒಂದೇ ಬಸ್ಸಿಗೆ ಜೋತುಬಿದ್ದು ಮೂಡಿಗೆರೆಗೆ ಓದಲು ಹೋದವನು. ಒಂದು ದಿನ ಬಿದ್ದ ಮರವೊಂದನ್ನು ಇಬ್ಬರೂ ಎರಡು ತುದಿಯಿಂದ ಕೊಯ್ಯುತ್ತಿದ್ದಾಗ ಅವನ ತುಂಡು ನನ್ನದಕ್ಕಿಂತ ಮೊದಲು ಕೆಳಗೆ ಬಿತ್ತು. ಅವನು ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಆಗಿದ್ದು ಇಷ್ಟೇ. ನನಗೆ ಮಾತ್ರ ಅವತ್ತು ಊಟ ಸೇರಲಿಲ್ಲ.

ಮರುದಿನವೇ ಸೈಲೆನ್ಸರ್ ಬಿಚ್ಚಿ ಅದರ ತಗಡಿಗೆ ಇನ್ನಷ್ಟು ತೂತು ಕೊರೆದೆ. ಹೊಗೆ ಸರಾಗವಾಗಿ ಹೋದರೆ ಇಂಜಿನ್ನಿಗೆ ಶಕ್ತಿ ಬರುತ್ತದೆ ಎಂದು ಯಾರೋ ಹೇಳಿದ್ದರು, ಬಂತು ಕೂಡ. ಇದು ತಿಳಿದ ಗೆಳೆಯ ವರ್ಕ್‌ಶಾಪಿಗೆ ಒಯ್ದು ಸಿಲಿಂಡರಿನ ಹೊಗೆ ಹೋಗುವ ಬಾಯಿಯನ್ನೇ ಉಜ್ಜಿಸಿ ಅಗಲ ಮಾಡಿಸಿದ. ನಾನು ಬಿಡುತ್ತೇನೆಯೇ? ಚೈನು ತಿರುಗಿಸುವ ಹಲ್ಲುಚಕ್ರ ತೆಗೆದು ಒಂದು ಹಲ್ಲು ಹೆಚ್ಚಿರುವುದನ್ನು ಕೂರಿಸಿದೆ. ಚೈನಿನ ಪ್ರತಿ ಹಲ್ಲಿನ ಮುಂದೆ ಒಂದು ಸಣ್ಣ ಉಬ್ಬು ಇರುತ್ತದೆ. ಹಲ್ಲು ಒಂದು ಸಲಕ್ಕೆ ಎಷ್ಟು ಮರ ಕಚ್ಚಬೇಕು ಎಂದು ಹಿಡಿತದಲ್ಲಿಡುವುದು ಅದೇ. ಅದನ್ನು ಅರದಲ್ಲಿ ಉಜ್ಜಿ ಉಜ್ಜಿ ತಗ್ಗಿಸಿದೆ. ಆಮೇಲೆ ಮಿಷನ್ ಕೈಯಲ್ಲಿ ಒದೆಯತೊಡಗಿತು. ಒದ್ದಷ್ಟೂ ನನಗೆ ಖುಷಿ. ಬಚ್ಚಲೊಲೆಗೆ ಸೌದೆ ಇಲ್ಲ ಎಂದು ಹೆಂಡತಿ ಹೇಳಿದರೆ "ಚೈನು ಮೊಂಡಾಗುತ್ತೆ" ಎಂದು ಕೊಡಲಿ ತೋರಿಸುತ್ತಿದ್ದೆ.

ಕಾಫಿ ಕೊಯ್ಲು ಮುಗಿದ ಮೇಲಿನ ಭಾನುವಾರಗಳಲ್ಲಿ ಗೆಳೆಯನ ಮನೆಯ ಕಣದ ಆಚೆ ಸಪಾಟು ಜಾಗದಲ್ಲಿ ನಮ್ಮ ರೇಸು. ಮಲ್ಲಂದೂರಿನಿಂದ, ಸಂಸೆಯಿಂದಲೂ ಜೀಪಿನಲ್ಲಿ ಮಿಷನ್ ಹಾಕಿಕೊಂಡು ಬರುವವರಿದ್ದರು. ಸಿಲ್ವರ್ ದಿಮ್ಮಿಯನ್ನು ಎರಡು ಕೊರಡಿನ ಮೇಲೆ ಅಡ್ಡ ಇಡುವುದು, ಇಬ್ಬರು ಎರಡು ತುದಿಯಲ್ಲಿ ನಿಲ್ಲುವುದು, ಮೂರು ಮೂರು ತುಂಡು ಬೀಳಿಸುವುದು. ಗೆದ್ದವನು ಮಿಷನ್ನನ್ನು ತಲೆಯ ಮೇಲೆತ್ತಿ, ಇಂಜಿನ್ ಅರಚುವ ಹಾಗೆ ಒಂದು ಸಲ ಪೂರ್ತಿ ರೇಸ್ ಕೊಟ್ಟು ಆರಿಸಬೇಕು, ಸೋತವನು ತನ್ನ ಮೂರೂ ತುಂಡು ಮುಗಿಸಿಯೇ ಆರಿಸಬೇಕು. ಬಹುಮಾನ ಎಂದರೆ ಕೋಳಿ ಸಾರಿನ ಊಟ, ಅದು ಸೋತವನಿಗೂ ಸಿಗುತ್ತಿತ್ತು. ಈಗ ಬರೆಯುತ್ತ ಕೂತರೆ ಮಕ್ಕಳಾಟ ಅನ್ನಿಸುತ್ತದೆ. ಆಗ ಮೈಯೆಲ್ಲ ಬಿಸಿಯಾಗುತ್ತಿತ್ತು.

ದಿಮ್ಮಿ ಕೊಡುತ್ತಿದ್ದವರೂ, ವಿಸಿಲ್ ಊದುತ್ತಿದ್ದವರೂ ಗೆಳೆಯನ ತಂದೆ. ನನಗೆ ರಕ್ತಸಂಬಂಧವೇನಲ್ಲ, ಆದರೂ ಮಾತು ಕಲಿತಾಗಿನಿಂದ ದೊಡ್ಡಪ್ಪ ಎಂದೇ ಕರೆದದ್ದು. ನನ್ನ ಅಪ್ಪ ನಾನು ಹೈಸ್ಕೂಲಿನಲ್ಲಿದ್ದಾಗ ಹೋದವರು. ಕಾಫಿ ಗಿಡದ ರೆಂಬೆ ಸವರಿ ಕಸಿ ಮಾಡಿಸುವುದು, ಆಳುಗಳ ಮೇಸ್ತ್ರಿಯ ಹತ್ತಿರ ದನಿ ಏರಿಸದೆ ಮಾತಾಡುವುದು, ಯಾವ ಮನೆಯ ಮದುವೆ ತಪ್ಪಿಸಬಾರದು ಎನ್ನುವುದು, ಇದೆಲ್ಲ ನನಗೆ ದೊಡ್ಡಪ್ಪನಿಂದ ಬಂದ ತಿಳಿವಳಿಕೆ. ಅವರ ಮನೆಗೆ ನಾನು ಹಿಂಬಾಗಿಲಿನಿಂದ ನುಗ್ಗಿ, ದೊಡ್ಡಮ್ಮ ಹಂಚಿನಿಂದ ತೆಗೆದ ರೊಟ್ಟಿಯನ್ನು ಕೇಳದೆಯೇ ತಟ್ಟೆಗೆ ಹಾಕಿಕೊಳ್ಳುತ್ತಿದ್ದೆ. ಮೂವರು ಗಂಡುಮಕ್ಕಳು ನಮಗೆ ಎಂದು ದೊಡ್ಡಮ್ಮ ಬಂದವರ ಮುಂದೆ ಹೇಳುವರು. ಹೆತ್ತದ್ದು ಇಬ್ಬರನ್ನು. ಆ ಮನೆಯ ಮೂರನೆಯವನಾಗಿರುವುದಕ್ಕಿಂತ ದೊಡ್ಡ ಆಸೆ ನನಗೆ ಆಗ ಇರಲಿಲ್ಲ.

ಒಂದು ವರ್ಷ ರೇಸಿಗೆ ಎರಡು ದಿನ ಇರುವಾಗ ದೊಡ್ಡಪ್ಪ ಹೋದರು. ಕಣದಲ್ಲಿ ಒಣಹಾಕಿದ್ದ ಪಾರ್ಚ್‌ಮೆಂಟ್ ಕಾಫಿಬೀಜದ ಪಕ್ಕ ಕುರ್ಚಿಯಲ್ಲಿ ಕೂತಿದ್ದವರು ಕಾಫಿಗೆ ಕರೆದರೆ ಏಳಲಿಲ್ಲ. ನನಗೆ ಸುದ್ದಿ ಮುಟ್ಟಿದಾಗ ನಾನು ಭಾನುವಾರಕ್ಕೆಂದು ರೇಸಿನ ಚೈನು ಹರಿತ ಮಾಡುತ್ತಿದ್ದೆ. ಅಳುತ್ತಲೇ ಮಿಷನ್ ಎತ್ತಿ ಜೀಪಿಗೆ ಹಾಕಿದೆ. ಮಾಮೂಲಿ ಕೆಲಸದ ಚೈನು ಮೊಳೆಗೆ ನೇತುಬಿದ್ದಿತ್ತು, ಬದಲಿಸಲು ಎಷ್ಟು ಹೊತ್ತು ಬೇಕು? ಬದಲಿಸಲಿಲ್ಲ.

ದೊಡ್ಡ ಮಗ, ಗೆಳೆಯನ ಅಣ್ಣ, ಒದ್ದೆ ಪಂಚೆಯಲ್ಲಿ ತಂದೆಯ ತಲೆಯ ಹತ್ತಿರ ಕೂತಿದ್ದ. ಗೆಳೆಯ ತನ್ನ ಮಿಷನ್ ಹಿಡಿದು ಮನೆಯ ಹಿಂದೆ ಬಂದ.

"ನೀನು ಒಳಗೆ ಹೋಗು ಮಾರಾಯ, ನಾನು ಕೊಯ್ತೀನಿ" ಅಂದೆ.

"ಇಲ್ಲ. ಕೊಳ್ಳಿ ಅಣ್ಣ ಇಡ್ತಾನೆ. ಸೌದೆನಾದ್ರೂ ನಾನು ಮಾಡ್ತೀನಿ ಅಪ್ಪಯ್ಯಂಗೆ" ಅಂದ. ಅವನ ದನಿ ಸರಿಯಾಗಿಯೇ ಇತ್ತು.

ಮರ ಕೆಡವಿದ್ದಾಯಿತು, ಕೊಂಬೆ ಸವರಿದ್ದಾಯಿತು. ಕಾಂಡ ನೆಲಕ್ಕೆ ತಾಗಿದರೆ ಚೈನು ಮಣ್ಣು ಕಚ್ಚುತ್ತದೆ ಎಂದು ಆಳುಗಳಿಂದ ಎತ್ತಿಸಿ ಎರಡು ಕೊರಡಿನ ಮೇಲೆ ಅಡ್ಡ ಇಡಿಸಿದೆವು. ಅವನು ಆ ತುದಿಗೆ ಹೋದ, ನಾನು ಈ ತುದಿಗೆ. ಮೂರು ಮೂರು ತುಂಡು ಸಾಕು ಎಂದು ಯಾರೋ ಅಳತೆ ಹೇಳಿದರು. ಸುತ್ತ ನಿಂತಿದ್ದವರಲ್ಲಿ ಅರ್ಧ ಜನ ಭಾನುವಾರ ಬರಬೇಕಾಗಿದ್ದವರೇ, ಬಿಳಿ ಅಂಗಿ ಹಾಕಿಕೊಂಡು ಬೇಗ ಬಂದಿದ್ದರು. "ಹೊತ್ತು ಮುಳುಗೋದ್ರೊಳಗೆ ಆಗ್ಬೇಕು, ಕೈ ಬೇಗ ನಡೀಲಿ" ಎಂದು ಹಿರಿಯರೊಬ್ಬರು ಅವಸರಪಡಿಸಿದರು. ಇಬ್ಬರೂ ಒಟ್ಟಿಗೇ ಮಿಷನ್ ಸ್ಟಾರ್ಟ್ ಮಾಡುವ ಹಗ್ಗ ಎಳೆದೆವು.

ಮೊದಲ ತುಂಡು ಕೊಯ್ಯುವಾಗ ನಾನು ದೊಡ್ಡಪ್ಪನನ್ನೇ ನೆನೆಯುತ್ತಿದ್ದೆ. ಇದನ್ನು ನೀವು ನಂಬಬೇಕು. ಆ ತುದಿಯಲ್ಲಿ ಅವನ ತುಂಡು ಬಿದ್ದ ಸದ್ದು ಕೇಳಿತು. ನನ್ನದು ಇನ್ನೂ ಬಿದ್ದಿರಲಿಲ್ಲ. ಅಲ್ಲಿಂದ ಮುಂದೆ ದೊಡ್ಡಪ್ಪ ನನ್ನ ತಲೆಯಲ್ಲಿ ಇರಲಿಲ್ಲ. ಮೊಣಕಾಲು ಬಗ್ಗಿಸಿದೆ, ಭಾರವನ್ನೆಲ್ಲ ಮಿಷನ್ನಿನ ಮೇಲೆ ಬಿಟ್ಟೆ. ಮಾವು ಸಿಲ್ವರಿನಷ್ಟು ಮೆದುವಲ್ಲ, ಚೈನು ಒದೆಯಿತು, ಬಿಗಿಹಿಡಿದೆ. ಎರಡನೆಯ ತುಂಡಿಗೆ ಸರಿಸಮ ಬಂದೆ. ಮೂರನೆಯದಕ್ಕೆ ಇಳಿದ ಸ್ವಲ್ಪದರಲ್ಲೇ ಅವನ ಇಂಜಿನ್ ದನಿ ಕುಗ್ಗಿ ನಿಂತುಹೋಯಿತು. ಚೈನು ಸಿಕ್ಕಿಹಾಕಿಕೊಂಡಿತು ಅಂದುಕೊಂಡೆ. ಸಿಕ್ಕಿದ ಮಗ, ಅಂದುಕೊಂಡೆ. ಹೌದು, ಆ ಹೊತ್ತಿನಲ್ಲಿ, ಆ ಜಾಗದಲ್ಲಿ, ನನಗೆ ಬಂದ ಮಾತು ಇದೇ. ತುಂಡು ಬಿತ್ತು. ನಾನು ನೆಟ್ಟಗೆ ನಿಂತು, ಮಿಷನ್ನನ್ನು ತಲೆಯ ಮೇಲೆತ್ತಿ ಪೂರ್ತಿ ರೇಸ್ ಕೊಟ್ಟೆ.

ಆಗ ಕಂಡಿತು. ಅವನ ಮಿಷನ್ ಮರದ ಮಧ್ಯದಲ್ಲಿ ಹಾಗೇ ನಾಟಿಕೊಂಡಿತ್ತು. ಚೈನು ಸಿಕ್ಕಿಹಾಕಿಕೊಂಡಿರಲಿಲ್ಲ. ಅವನೇ ಆರಿಸಿ, ಅರ್ಧ ಕೊಯ್ದ ದಿಮ್ಮಿಯ ಮೇಲೆ ಹಣೆ ಇಟ್ಟು, ಚಿಕ್ಕ ಹುಡುಗರ ಹಾಗೆ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಸಂಸೆಯವರೊಬ್ಬರು ಅವನ ಬೆನ್ನ ಮೇಲೆ ಕೈಯಿಟ್ಟುಕೊಂಡು ನನ್ನನ್ನು ನೋಡುತ್ತಿದ್ದರು. ಎಲ್ಲರೂ ನೋಡುತ್ತಿದ್ದರು. "ಇಳ್ಸು ಮಾರಾಯ" ಎಂದು ಆ ಹಿರಿಯರು ಮೆಲ್ಲಗೆ ಹೇಳಿದರು. ನನಗೆ ಕೇಳಲಿಲ್ಲವೆಂದುಕೊಂಡೋ ಏನೋ, ಇನ್ನೊಮ್ಮೆ ಹೇಳಿದರು, "ಇಳ್ಸು."

ನೆಲ ಬಾಯಿ ಬಿಡಬಾರದೇ ಅನ್ನುತ್ತಾರಲ್ಲ, ಅದು ಬರಿಯ ಮಾತಲ್ಲ ಎಂದು ನನಗೆ ಗೊತ್ತಾದದ್ದು ಅವತ್ತು. ಅವನು ಬಿಟ್ಟ ಅರ್ಧವನ್ನು ಆಳೊಬ್ಬ ಕೊಡಲಿಯಲ್ಲಿ ಮುಗಿಸಿದ. ನಾನು ಸೌದೆ ಹೊತ್ತೆ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತೆ, ಹೆಗಲು ಸುಲಿಯುವಷ್ಟು. ಯಾರೂ ನನ್ನ ಹತ್ತಿರ ಮಾತಾಡಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಊರಿಗೆ ಇದು ಹಬ್ಬಲು ಎಷ್ಟು ಹೊತ್ತು? ಬಣಕಲ್ಲಿನಲ್ಲಿ ನಾನು ಟೀ ಕುಡಿಯಲು ಹೋದರೆ ಬೆಂಚಿನ ಮೇಲಿನ ಮಾತು ಸಟ್ಟನೆ ಬೆಳೆ ಬೆಲೆಗೆ ತಿರುಗುತ್ತಿತ್ತು. ನಾನೂ ಒಂದು ಸಮಜಾಯಿಷಿ ಕಟ್ಟಿಟ್ಟುಕೊಂಡಿದ್ದೆ. ಕೈಗೆ ಬಿದ್ದ ಅಭ್ಯಾಸ, ಅಷ್ಟು ವರ್ಷ ಹಾಗೇ ಮಾಡಿದ ಕೈ, ಮನಸ್ಸು ಅಲ್ಲಿರಲಿಲ್ಲ, ದುಃಖದಲ್ಲಿ ಏನು ಮಾಡಿದೆನೋ ತಿಳಿಯಲಿಲ್ಲ. ಹೇಳಿ ಹೇಳಿ ನನಗೇ ನಂಬಿಕೆ ಬಂದಿತ್ತು. ಕೇಳುವವರು ಮಾತ್ರ ಯಾರೂ ಸಿಗಲಿಲ್ಲ. ಹೆಂಡತಿಯ ಮುಂದೆ ಶುರು ಮಾಡಿದರೆ "ನನ್ ಹತ್ರ ಹೇಳಿ ಏನಾಗ್ಬೇಕು? ತಿಥಿಗೆ ಹೋಗಿ ದೊಡ್ಡಮ್ಮನ ಹತ್ರ ಹೇಳಿ" ಅಂದಳು.

ತಿಥಿಯ ದಿನ ಮುಂಬಾಗಿಲಿನಿಂದ ಹೋದೆ, ಕರೆದ ಬೇರೆಯವರೆಲ್ಲ ಹೋಗುವ ಹಾಗೆ. ಗೆಳೆಯ ಬೋಳಿಸಿದ ತಲೆಯಲ್ಲಿ ಓಡಾಡುತ್ತಿದ್ದ. "ಬಾ" ಅಂದ. ಅವನು ಹಾಗೆ ಅಂದಿದ್ದೇ ನನಗೆ ದೊಡ್ಡದಾಗಿ ಕಂಡಿತು. ದೊಡ್ಡಮ್ಮ ಒಳಗಿನ ಕೋಣೆಯಲ್ಲಿ ಗೋಡೆಗೊರಗಿ ಕೂತಿದ್ದರು. ಕಾಲು ಮುಟ್ಟಿ ಪಕ್ಕದಲ್ಲಿ ಕೂತೆ. ಕಟ್ಟಿಟ್ಟುಕೊಂಡ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಅಷ್ಟರಲ್ಲಿ ಅವರೇ ನನ್ನ ಕೈ ಹಿಡಿದುಕೊಂಡರು.

"ಅವತ್ತು ನಾನು ಇಲ್ಲೇ ಕೂತಿದ್ದೆ. ಹೆಂಗಸ್ರೆಲ್ಲ ಅಳ್ತಿದ್ರು. ನನಗೆ ನಿಮ್ಮಿಬ್ರ ಮಿಷನ್ ಶಬ್ದ ಕೇಳ್ತಿತ್ತು, ಅದನ್ನೇ ಕೇಳ್ತಾ ಕೂತಿದ್ದೆ. ಒಂದು ಮೊದ್ಲು ಸುಮ್ಮನಾಯ್ತು, ಇನ್ನೊಂದು ಆಮೇಲೂ ಕೂಗ್ತಿತ್ತು. ರೇಸಿನ ದಿನ ಮನೆ ಒಳಗಿರೋ ನಮಗೆ ಅದೇ ಅಲ್ವಾ ಗುರುತು, ಮೊದ್ಲು ಸುಮ್ಮನಾದದ್ದು ಗೆದ್ದದ್ದು." ಅವರ ಮುಖದಲ್ಲಿ ಸಣ್ಣ ನಗುವಿತ್ತು, ಅಷ್ಟು ದಿನಗಳಲ್ಲಿ ಬಹುಶಃ ಮೊದಲನೆಯದು. "ನಮ್ಮ ಹುಡುಗನ್ದೇ ಮೊದ್ಲು ಮುಗೀತು, ಅಲ್ವಾ? ಅಪ್ಪನ ಸೌದೆ ಅವನೇ ಮೊದ್ಲು ಮುಗಿಸ್ದ."

ಅವರಿಗೆ ಯಾರೂ ಹೇಳಿರಲಿಲ್ಲ. ಹೇಳುವ ಧೈರ್ಯ ಯಾರಿಗೂ ಬಂದಿರಲಿಕ್ಕಿಲ್ಲ, ಮಗನಿಗೂ. ಅವನು ಬಾಳೆಎಲೆಯ ಕಟ್ಟು ಹಿಡಿದು ಬಾಗಿಲಲ್ಲೇ ನಿಂತಿದ್ದ, ಎಲ್ಲ ಕೇಳಿಸಿಕೊಂಡಿದ್ದ. ಹೌದು ದೊಡ್ಡಮ್ಮ ಅಂದಿದ್ದರೆ ಮುಗಿಯುತ್ತಿತ್ತು. ಅದು ಸುಳ್ಳು ಕೂಡ ಅಲ್ಲ, ಹೇಗೆ ನೋಡಿದರೂ ಅವತ್ತು ಗೆದ್ದವನು ಅವನೇ. ಅಷ್ಟು ಹೇಳಲು ನನಗೆ ಏನು ಖರ್ಚು? ತಲೆ ಆಡಿಸಿದ್ದರೂ ಸಾಕಿತ್ತು.

"ಇಲ್ಲ ದೊಡ್ಡಮ್ಮ" ಅಂದೆ, "ಅವನು ಅರ್ಧಕ್ಕೆ ನಿಲ್ಸಿದ. ಮೊದ್ಲು ಮುಗಿಸಿದ್ದು ನಾನು."

ಇದನ್ನು ಯಾವ ಅಭ್ಯಾಸದ ಮೇಲೂ ಹೊರಿಸುವ ಹಾಗಿರಲಿಲ್ಲ. ಮಿಷನ್ ಮನೆಯಲ್ಲಿತ್ತು, ಕೈ ಅವರ ಕೈಯೊಳಗೆ ಸುಮ್ಮನೆ ಕೂತಿತ್ತು. ದೊಡ್ಡಮ್ಮ ನನ್ನ ಮುಖ ನೋಡಿದರು. "ಹೌದಾ" ಅಂದರು. ನಿಧಾನಕ್ಕೆ ಕೈ ಬಿಟ್ಟು, ಬಾಗಿಲ ಕಡೆ ತಿರುಗಿ ಮಗನಿಗೆ "ಇವನಿಗೆ ಎಲೆ ಹಾಕು, ಹಸ್ದಿರ್ಬೇಕು" ಅಂದರು. ಅವನು ಎಲೆ ಹಾಕಿದ, ನೀರು ಚಿಮುಕಿಸಿದ, ನನ್ನ ಕಡೆ ನೋಡದೆ ಅನ್ನ ಬಡಿಸಿದ. ನಾನು ಕೂತು ಉಂಡೆ.