ಸೀರೆ ಯಾರ ಮೈಮೇಲಿದೆ?

ಗೌರಜ್ಜಿ ಯಾರ ಮನೆಗೆ ಹೋದರೂ ಬೆಲ್ ಒತ್ತುತ್ತಿರಲಿಲ್ಲ. ಬಾಗಿಲು ತೆರೆದೇ ಇದ್ದರೂ ಹೊಸ್ತಿಲಾಚೆ ನಿಂತು, "ಇವತ್ತು ಸೀರೆ ಯಾರ ಮೈಮೇಲಿದೆ?" ಎಂದು ಕೂಗುತ್ತಿದ್ದರು. ಉತ್ತರ ಬರುವವರೆಗೆ ಕಾಲು ಒಳಗಿಡುತ್ತಿರಲಿಲ್ಲ. ನಾನು ಮದುವೆಯಾಗಿ ಗೋಪಾಳ ಬಡಾವಣೆಗೆ ಬಂದ ಹೊಸತರಲ್ಲಿ ಒಂದು ದಿನ ನೈಟಿಯಲ್ಲಿದ್ದೆ. "ಯಾರ ಮೈಮೇಲೂ ಇಲ್ಲ ಅಜ್ಜಿ" ಎಂದೆ, ತಮಾಷೆಗೆ. "ಹಂಗಾದ್ರೆ ಆಮೇಲೆ ಬರ್ತೀನಿ ಬಿಡು ಮಾರಾಯ್ತಿ" ಎಂದು ನಿಜಕ್ಕೂ ತಿರುಗಿ ಹೋಗಿಬಿಟ್ಟರು.

ಪಕ್ಕದ ಮನೆಯವರಾದ್ದರಿಂದ ಆ ಮಾತಿನ ಮೂಲ ನನಗೆ ನಿಧಾನವಾಗಿ ತಿಳಿಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅವರು ಭದ್ರಾವತಿಯಲ್ಲಿ ಪುಟ್ಟ ಹುಡುಗಿ. ಅಪ್ಪ ಕಾರ್ಖಾನೆ ಕೆಲಸಗಾರ. ಬಟ್ಟೆಗೆ ಸರ್ಕಾರದ ಕಂಟ್ರೋಲ್ ಬಂದು ಅಂಗಡಿಯ ಮುಂದೆ ನಿಂತರೂ ಸೀರೆ ಸಿಗದ ದಿನಗಳು. ಮನೆಯಲ್ಲಿ ಅಮ್ಮ, ಚಿಕ್ಕಮ್ಮ ಇಬ್ಬರು; ಹರಿಯದ ಸೀರೆ ಒಂದೇ. ಒಬ್ಬರು ಅದನ್ನುಟ್ಟು ನೀರಿಗೆ ಹೋದರೆ ಇನ್ನೊಬ್ಬರು ಗೋಣಿತಾಟು ಸುತ್ತಿಕೊಂಡು ಅಡುಗೆಮನೆಯ ಬಾಗಿಲ ಹಿಂದೆ ಕೂರಬೇಕು.

"ಯಾರಾದ್ರೂ ಬಾಗಿಲು ತಟ್ಟಿದ್ರೆ ಒಳಗಿದ್ದೋರು ಉಸಿರು ಬಿಡ್ತಿರ್ಲಿಲ್ಲ ಕಣೇ. ಸೀರೆ ಸರದಿ ಯಾರ್ದು ಅಂತ ನೋಡ್ಕೊಂಡು, ಮನೇಲಿ ಯಾರೂ ಇಲ್ಲ ಅಂತ ನಾನೇ ಹೋಗಿ ಹೇಳ್ಬೇಕಿತ್ತು."

ಹೀಗೆ ಹೇಳಿದವರು ಮರುಕ್ಷಣವೇ ನಗುತ್ತಿದ್ದರು. ರವಿಕೆಗೆ ಬಟ್ಟೆಯಿಲ್ಲದೆ ಅವರಮ್ಮ ಗಂಡನ ಹಳೇ ಕೊಡೆಯ ಕರಿಬಟ್ಟೆ ಬಿಚ್ಚಿ ಹೊಲಿದುಕೊಂಡಿದ್ದರಂತೆ. ತ್ರಿಕೋನದ ತುಂಡುಗಳೆಲ್ಲ ಬೆನ್ನ ಮೇಲೆ ನಕ್ಷತ್ರದ ಹಾಗೆ ಕೂಡಿದ್ದವು. "ಪಕ್ಕದ ತಮಿಳಮ್ಮ ಅದನ್ನೇ ಹೊಲಿಸ್ಕೊಂಡ್ಳು. ಆಮೇಲೆ ಬೀದಿಗೆಲ್ಲ ಅದೇ ಫ್ಯಾಷನ್ನು. ಮಳೆಗಾಲ ಬಂತು, ಗಂಡಸರೆಲ್ಲ ಕೊಡೆ ಎಲ್ಲಿ, ಕೊಡೆ ಎಲ್ಲಿ ಅಂತ ಹುಡುಕ್ತಾವ್ರೆ!"

ಅವರ ಮೊಮ್ಮಗಳು ಕಾವ್ಯಳ ನಿಶ್ಚಿತಾರ್ಥದ ಬೆಳಿಗ್ಗೆಯೂ ಈ ಕಥೆ ಬಂತು. ಕಾವ್ಯ ಗಾಂಧಿ ಬಜಾರ್‌ನಿಂದ ತಂದ, ಮಿರಿಮಿರಿ ಮಿಂಚುವ ಸೀರೆ ಉಟ್ಟಿದ್ದಳು. ಅಜ್ಜಿ ಸೆರಗನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ, "ಇದು ಸೀರೇನೋ, ಪ್ಲಾಸ್ಟಿಕ್ ಚೀಲಾನೋ?" ಎಂದರು.

"ಈಗಿನ ಫ್ಯಾಷನ್ ಅಜ್ಜಿ."

"ಆಗ್ಲಿ ತಾಯಿ. ಕೊಡೆ ರವಿಕೇನೂ ಫ್ಯಾಷನ್ನೇ ಆಗಿತ್ತು."

ಗಂಡಿನ ಕಡೆಯವರು ಬಂದು ಹಾಲ್ ತುಂಬ ಕೂತಿದ್ದರು. ಕಾವ್ಯ ಆರತಿ ತಟ್ಟೆ ಎತ್ತಿಕೊಳ್ಳಲು ಬಗ್ಗಿದಳು. ಇಳಿಬಿಟ್ಟ ಸೆರಗು ದೀಪಕ್ಕೆ ತಾಗಿತು. ನಾನು ಎದುರಿಗೇ ಇದ್ದೆ. ಇಂದಿಗೂ ಕಣ್ಣು ಮುಚ್ಚಿದರೆ ಅಲ್ಲಿಂದಲೇ ಶುರುವಾಗುತ್ತದೆ: ಉರಿ ಸರ್ರೆಂದು ಮೇಲೇರಿದ್ದು, ಸೀರೆ ಕರಗಿ ಕಪ್ಪು ಹನಿಗಳಾಗಿ ನೆಲಕ್ಕೆ ಬಿದ್ದದ್ದು, ಆ ವಾಸನೆ. "ಬಿಚ್ಚೇ, ಬಿಚ್ಚೇ" ಎಂದು ಹೆಂಗಸರು ಕೂಗುತ್ತಿದ್ದರು. ಕಾವ್ಯ ಮಾತ್ರ ಎರಡೂ ಕೈಯಲ್ಲಿ ನೆರಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಉರಿಯುತ್ತಿದ್ದ ಸೀರೆಯನ್ನು! ಭಾವೀ ಮಾವ ಎದುರಿಗಿದ್ದರು.

ಅಜ್ಜಿ ಕುರ್ಚಿಯಿಂದ ಎದ್ದದ್ದನ್ನು ನಾನು ನೋಡಲಿಲ್ಲ. ನೋಡಿದಾಗ ಅವರ ಕೈ ಮೊಮ್ಮಗಳ ನೆರಿಗೆಯಲ್ಲಿತ್ತು.

"ಬಿಡೇ ಕೈ!"

"ಎಲ್ಲಾರೂ ಇದಾರೆ ಅಜ್ಜಿ..."

"ಇದ್ರೆ ಇರ್ಲಿ! ಇವ್ರೇನು ಹೆಣ್ಣು ಬಿಟ್ಟು ಸೀರೆ ಕೇಳಕ್ಕೆ ಬಂದಿದಾರಾ?"

ಎಳೆದ ರಭಸಕ್ಕೆ ಭುಜದ ಪಿನ್ ರವಿಕೆಯನ್ನೂ ಹರಿದುಕೊಂಡು ಬಂತು. ಸೀರೆ ನೆಲದ ಮೇಲೆ ಮುದುಡಿ ಉರಿಯಿತು. ಯಾರೋ ಕೊಡದ ನೀರು ಸುರಿದರು. ಆಮೇಲೆ ಅಜ್ಜಿ ಅಷ್ಟು ಜನರ ನಡುವೆ ತಮ್ಮ ಮೈಮೇಲಿನ ನೂಲಿನ ಸೀರೆಯನ್ನು ಬಿಚ್ಚಿ ಕಾವ್ಯಳಿಗೆ ಸುತ್ತಿದರು. "ತಗೋ, ಈಗ ಸರದಿ ನಿಂದು" ಎಂದರು. ಲಂಗ, ರವಿಕೆಯಲ್ಲೇ ನೆಟ್ಟಗೆ ನಡೆದು ಅಡುಗೆಮನೆಗೆ ಹೋಗಿ ಬಾಗಿಲು ಮುಂದಕ್ಕೆಳೆದುಕೊಂಡರು.

ಸುಟ್ಟಗಾಯದ ಮುಲಾಮು ಹುಡುಕಿ ತಂದು ಬಾಗಿಲು ತಳ್ಳಲು ಹೋದ ನನಗೆ ಕೈ ಮುಂದಾಗಲಿಲ್ಲ. "ಅಜ್ಜಿ, ಸೀರೆ ಯಾರ ಮೈಮೇಲಿದೆ?" ಎಂದು ಕೇಳಿದೆ.

"ಕಾವ್ಯನ ಮೈಮೇಲಿದೆ. ನೀನೊಬ್ಳೇ ಬಾ."

ಬಾಗಿಲ ಹಿಂದೆ ಮಣೆಯ ಮೇಲೆ ಕೂತು, ಬೊಬ್ಬೆಯೆದ್ದ ಕೈಗಳನ್ನು ನೀರಿನ ಪಾತ್ರೆಯಲ್ಲಿ ಅದ್ದಿಕೊಂಡಿದ್ದರು.

"ನಮ್ಮಮ್ಮ ಹಿಂಗೇ ಕೂರ್ತಿದ್ಲು" ಎಂದರು. "ನಾಚಿಕೆಗೆ ತಲೆ ಎತ್ತುತ್ತಿರ್ಲಿಲ್ಲ. ನಂಗೆ ನೋಡು, ಏನೂ ಅನ್ನಿಸ್ಲೇ ಇಲ್ಲ."

ಕಾವ್ಯಳ ಮೀನಖಂಡದಲ್ಲಿ ಒಂದು ಕಲೆ ಉಳಿದಿದೆ, ಅಷ್ಟೇ. ಆ ಸಂಬಂಧ ಮುರಿಯಲಿಲ್ಲ. ಅಜ್ಜಿ ಮದುವೆಯನ್ನೂ ನೋಡಿದರು, ಆ ವರ್ಷದ ಚಳಿಗಾಲವನ್ನು ಮಾತ್ರ ದಾಟಲಿಲ್ಲ.

ಈಗ ನಮ್ಮ ಮನೆಗೆ ಬರುವವರೆಲ್ಲ ಬೆಲ್ ಒತ್ತುತ್ತಾರೆ. ಸದ್ದಾದ ಕೂಡಲೇ ನಾನು ಏಳುವುದಿಲ್ಲ. ಉಸಿರು ಬಿಡದೆ ಒಂದು ಕ್ಷಣ ಕಾಯುತ್ತೇನೆ, ಹೊಸ್ತಿಲಾಚೆಯಿಂದ ಯಾರಾದರೂ ಕೇಳಬಹುದೇನೋ ಎಂದು.